ಏಳು ದಿವಸದ ನೀರು

ಗೀರಿನ ಉದ್ದ ಅಕ್ಕಿಕಾಳಿನ ಅರ್ಧದಷ್ಟು. ಕಲ್ಲು ಒದ್ದೆಯಿದ್ದಾಗ ಅದು ಕಾಣುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಫ್ಯಾನಿನ ಕೆಳಗೆ ಎರಡು ನಿಮಿಷ ಇಟ್ಟು, ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದರೆ ಕೂದಲೆಳೆಯಂತೆ ಕಾಣುತ್ತದೆ. ಪಕ್ಕದಲ್ಲಿ ಇನ್ನೊಂದು. ಮೊದಲನೆಯದು ಕಂಡ ಮೇಲೆ ಉಳಿದವು ತಾವಾಗಿ ಕಾಣತೊಡಗುತ್ತವೆ.

ಕಳೆದ ವಾರ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುತ್ತಾ ಟಯರು ರಿಪೇರಿ ಅಂಗಡಿಯ ಮಾಡಿನ ಕೆಳಗೆ ನಿಂತಿದ್ದೆ. ಅಂಗಡಿಯವನು ಟ್ಯೂಬೊಂದನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ತೂತು ಹುಡುಕುತ್ತಿದ್ದ. ಒದ್ದೆ ರಬ್ಬರಿನ ವಾಸನೆ ಬಂತು. ನಾನು ಬಂಟ್ವಾಳಕ್ಕೆ ಬಂದು ಮೂರು ವರ್ಷವಾಯಿತು, ಇಲ್ಲಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೆ ಆ ವಾಸನೆಗೆ ನೆನಪಾದದ್ದು ಮೂಡುಬಿದಿರೆಯ ಒಂದು ಮಳೆಗಾಲ. ಆ ಮಳೆಗಾಲದಲ್ಲಿ ನಾನು ಯಾರನ್ನೂ ನಂಬಿರಲಿಲ್ಲ.

ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ಅಲ್ಲಿನ ಒಂದು ಕಾಲೇಜಿನಲ್ಲಿ ಭೂಗೋಳಕ್ಕೆ ಅತಿಥಿ ಉಪನ್ಯಾಸಕಿಯಾಗಿದ್ದೆ. ಜೂನ್ ಮೊದಲ ವಾರ ಪ್ರಿನ್ಸಿಪಾಲರು ಕರೆದು, ಆಗಸ್ಟ್‌ನಲ್ಲಿ ಪರಿಶೀಲನೆಗೆ ತಂಡ ಬರುವುದೆಂದೂ, ನಮ್ಮ ವಿಭಾಗದಲ್ಲಿ ತೋರಿಸಲು ಎರಡು ಹರಿದ ನಕಾಶೆಗಳ ಹೊರತು ಏನೂ ಇಲ್ಲವೆಂದೂ ಹೇಳಿದರು. ಈ ಸುತ್ತಿನ ಕಲ್ಲುಗಳನ್ನು ಹೊಳಪು ಮಾಡಿ ಒಂದು ಗಾಜಿನ ಕಪಾಟಿನಲ್ಲಿಡುತ್ತೇನೆ ಎಂದೆ. ಅವರು ಸಂತೋಷಪಟ್ಟರು. "ಚೆನ್ನಾಗಿ ಬಂದರೆ ಮುಂದಿನ ವರ್ಷಕ್ಕೂ ನಿಮ್ಮ ಹೆಸರು ಹಾಕಲಿಕ್ಕೆ ನನಗೆ ಒಂದು ಕಾರಣ ಸಿಗ್ತದೆ ನೋಡಿ" ಎಂದರು. ಹಾಗಾಗಿ ಮೊದಲ ದಿನದಿಂದಲೇ ನನ್ನ ಲೆಕ್ಕ ಸರಳವಾಗಿತ್ತು. ಕಲ್ಲು ಹೊಳೆದರೆ ಕೆಲಸ ಉಂಟು.

ಕಲ್ಲುಗಳನ್ನು ತಂದವರು ಪ್ರಯೋಗಾಲಯದ ಅಟೆಂಡರ್ ದಿನೇಶಣ್ಣ. ಅವರ ಮನೆ ಬೆಳ್ತಂಗಡಿಯ ಆಚೆ, ಅಳದಂಗಡಿಯ ಹತ್ತಿರ. ಹಳ್ಳದಿಂದ ಆರಿಸಿದ ಬೆಣಚುಕಲ್ಲುಗಳನ್ನು ಸಿಮೆಂಟಿನ ಚೀಲದಲ್ಲಿ ಬಸ್ಸಿನಲ್ಲೇ ಹೊತ್ತು ತಂದರು. ಹಾಲುಬಿಳಿ, ಹೊಗೆಬಣ್ಣ, ಕೆಲವು ತೆಳುಗುಲಾಬಿ. ಜೊತೆಗೆ ಗೋಡೆ ಕಟ್ಟುವ ಕೆಂಪು ಮುರಕಲ್ಲಿನ ಒಂದು ತುಂಡು.

"ಇದನ್ನೂ ಹಾಕಿ ಮೇಡಂ. ನಮ್ಮ ಊರಿನ ಕಲ್ಲು ಅಂದರೆ ಇದೇ ಅಲ್ವಾ?"

"ಅದು ಮೆತ್ತಗೆ. ಒಂದೇ ದಿವಸದಲ್ಲಿ ಕೆಸರಾಗ್ತದೆ."

"ಹಾಗಾದರೆ ನಮ್ಮ ಮನೆಯ ಗೋಡೆ?"

"ಗೋಡೆಯನ್ನು ಯಾರೂ ತಿರುಗಿಸುವುದಿಲ್ಲವಲ್ಲ."

ತಿರುಗಿಸುವುದೇ ಈ ಕೆಲಸದ ಸಾರ. ಪೇಟೆಯ ಒಂದು ಮೋಟಾರು ಅಂಗಡಿಯವರು ಹಳೆಯ ಗ್ರೈಂಡರಿನ ಮೋಟಾರನ್ನು ಹಲಗೆಯ ಮೇಲೆ ಕೂರಿಸಿ, ಎರಡು ರೋಲರ್ ಜೋಡಿಸಿ ಕೊಟ್ಟಿದ್ದರು. ರೋಲರುಗಳ ಮೇಲೆ ಗಟ್ಟಿ ಮುಚ್ಚಳದ ರಬ್ಬರ್ ಡಬ್ಬಿ ಮಲಗಿ ನಿಧಾನವಾಗಿ ಉರುಳುತ್ತದೆ. ಒಂದೇ ಗಡಸುತನದ ಕಲ್ಲುಗಳನ್ನು, ದೊಡ್ಡದು ಸಣ್ಣದು ಬೆರೆಸಿ, ಡಬ್ಬಿಯ ಮುಕ್ಕಾಲು ಭಾಗದವರೆಗೆ ತುಂಬಬೇಕು. ಕಡಿಮೆ ಹಾಕಿದರೆ ಕಲ್ಲುಗಳು ಬಿದ್ದು ಒಡೆಯುತ್ತವೆ, ಹೆಚ್ಚು ಹಾಕಿದರೆ ಉಜ್ಜಿಕೊಳ್ಳುವುದೇ ಇಲ್ಲ. ಕಲ್ಲು ಮುಳುಗುವುದಕ್ಕಿಂತ ಸ್ವಲ್ಪ ಕೆಳಗೆ ನಿಲ್ಲುವಷ್ಟು ನೀರು, ಒಂದೆರಡು ಚಮಚ ಅರೆಯುವ ಹುಡಿ. ಎರಡು ವಾರ ಒರಟು ಹುಡಿ, ಒಂದು ವಾರ ಅದಕ್ಕಿಂತ ನಯ, ಇನ್ನೊಂದು ವಾರ ಮತ್ತೂ ನಯ. ಕೊನೆಗೆ ಒಂದು ವಾರ ಬಿಳಿಯ ಪಾಲಿಶ್ ಹುಡಿ. ಹಗಲೂ ರಾತ್ರಿ ನಿಲ್ಲಿಸದೆ. ಹಂತ ಬದಲಾಗುವಾಗ ಕಲ್ಲು, ಡಬ್ಬಿ, ಮುಚ್ಚಳದ ಅಂಚು ಎಲ್ಲವನ್ನೂ ತೊಳೆಯಬೇಕು. ಒರಟು ಹುಡಿಯ ಒಂದೇ ಒಂದು ಕಣ ಪಾಲಿಶಿನ ವಾರದೊಳಗೆ ನುಸುಳಿದರೆ ಐದು ವಾರದ ಕೆಲಸ ಹಾಳು.

ನಾನಿದ್ದದ್ದು ಸುಮತಿಯಮ್ಮನ ಮನೆಯ ಮಹಡಿಯ ಕೋಣೆಯಲ್ಲಿ. ಅವರು ಜೈನರು, ನಿವೃತ್ತ ಶಾಲಾ ಶಿಕ್ಷಕಿ, ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುತ್ತಿದ್ದರು. ಬಾವಿಯ ನೀರನ್ನು ಎರಡು ಮಡಿಕೆ ಮಾಡಿದ ಬಿಳಿ ಬಟ್ಟೆಯಲ್ಲಿ ಗಾಳಿಸಿಯೇ ಬಳಸುತ್ತಿದ್ದರು, ಮತ್ತೆ ಆ ಬಟ್ಟೆಯನ್ನು ಬಾವಿಯ ನೀರಿನಲ್ಲೇ ಜಾಲಾಡಿ, ಅದರಲ್ಲಿ ಸಿಕ್ಕಿದ್ದಿರಬಹುದಾದ ಜೀವಗಳನ್ನು ಬಂದಲ್ಲಿಗೆ ಬಿಡುತ್ತಿದ್ದರು. ನಮ್ಮ ದಿನನಿತ್ಯದ ಮಾತು ತುಳುವಿನಲ್ಲಿ. ಗಂಭೀರವಾದದ್ದೇನಾದರೂ ಇದ್ದರೆ ಮಾತ್ರ ಅವರು ಕನ್ನಡಕ್ಕೆ, ಶಾಲೆಯ ಕನ್ನಡಕ್ಕೆ, ಹೊರಳುತ್ತಿದ್ದರು.

ನನ್ನ ಕೋಣೆಯಲ್ಲಿ ಮೆಷಿನು ಶುರುವಾದ ದಿನ ಅವರು ಮೆಟ್ಟಿಲ ಬುಡದಲ್ಲಿ ನಿಂತು ಕೇಳಿದ್ದರು, ಅದೇನು ಮೇಲೆ ಅಕ್ಕಿ ಕಡೆಯುವ ಹಾಗೆ ಸದ್ದು ಎಂದು. ಕಾಲೇಜಿನ ಕೆಲಸ ಎಂದೆ. ಅಷ್ಟಕ್ಕೇ ನಿಲ್ಲಿಸಿದೆ. ನನ್ನ ಕೆಲಸವನ್ನು ವಿವರಿಸುವ ಅಭ್ಯಾಸ ನನಗಿಲ್ಲ.

ಮೊದಲ ನಾಲ್ಕು ವಾರ ಎಲ್ಲವೂ ಪುಸ್ತಕದಲ್ಲಿದ್ದ ಹಾಗೆಯೇ ನಡೆಯಿತು. ಪಾಲಿಶಿನ ವಾರ ಮುಗಿದು ಡಬ್ಬಿ ತೆರೆದಾಗ ಕಲ್ಲುಗಳು ಒದ್ದೆಯಲ್ಲಿ ಥಳಥಳಿಸಿದವು. ಆರಿದ ಮೇಲೆ ಮಂಕು. ಗೀರುಗಳನ್ನು ಕಂಡದ್ದು ಆಗ. ನನ್ನದೇ ತಪ್ಪಿರಬೇಕೆಂದು ಮೂರನೆಯ ಹಂತಕ್ಕೆ ಹಿಂದೆ ಹೋದೆ. ಆದರೆ ಒಂದು ವಿಷಯ ಮನಸ್ಸಿನಲ್ಲಿ ಕುಳಿತಿತ್ತು. ಏಳು ದಿನ ಪಾಲಿಶ್ ಹುಡಿಯೊಂದಿಗೆ ತಿರುಗಿದ ನೀರು ತೆಳು ಮೊಸರಿನ ಹಾಗೆ ಇರಬೇಕು. ನಾನು ತೆರೆದ ಡಬ್ಬಿಯ ನೀರು ಅಕ್ಕಿ ತೊಳೆದ ಎರಡನೆಯ ನೀರಿನಷ್ಟು ತಿಳಿಯಾಗಿತ್ತು. ಹುಡಿ ಎಲ್ಲಿ ಹೋಯಿತು? ರಬ್ಬರಿನ ಡಬ್ಬಿ ಹುಡಿ ತಿನ್ನುವುದಿಲ್ಲ.

ಎರಡನೆಯ ಸಲ ಮುಚ್ಚಳ ಹಾಕಿದ ಮೇಲೆ ವೈಟ್ನರ್ ಪೆನ್ನಿನಿಂದ ಮುಚ್ಚಳಕ್ಕೂ ಡಬ್ಬಿಯ ಅಂಚಿಗೂ ಸೇರಿಸಿ ಒಂದು ಸಣ್ಣ ಗೆರೆ ಎಳೆದೆ. ಸೋಮವಾರ ಸಂಜೆ ಗೆರೆ ನೇರವಾಗಿತ್ತು. ಮಂಗಳವಾರ ಸಂಜೆ ಮುಚ್ಚಳದ ಅರ್ಧ ಗೆರೆ ಡಬ್ಬಿಯ ಅರ್ಧ ಗೆರೆಗಿಂತ ಒಂದು ಬೆರಳಿನಷ್ಟು ಪಕ್ಕಕ್ಕೆ ಸರಿದಿತ್ತು. ಕಲ್ಲುಗಳನ್ನು ಸುರಿದು ಎಣಿಸಿದೆ. ನಲವತ್ತೊಂದು ಇದ್ದವು, ನಲವತ್ತೊಂದೇ. ಬದಲಾಯಿಸಿಟ್ಟಿರಬಹುದೇ ಎಂದು ಫೋನಿನಲ್ಲಿದ್ದ ಹಳೆಯ ಚಿತ್ರದ ಜೊತೆ ಒಂದೊಂದನ್ನೂ ಹೋಲಿಸಿದೆ. ಅವೇ ಕಲ್ಲುಗಳು. ಕದಿಯದ ಕಳ್ಳನಿಗೆ ನನ್ನ ಡಬ್ಬಿಯಲ್ಲಿ ಏನು ಕೆಲಸ?

ಸಂಶಯಕ್ಕೆ ಕಾರಣ ಸಿಗದಿದ್ದರೆ ಅದು ಸುಮ್ಮನಾಗುವುದಿಲ್ಲ, ಮನುಷ್ಯರನ್ನು ಹುಡುಕತೊಡಗುತ್ತದೆ. ದಿನೇಶಣ್ಣ ಎರಡು ಸಲ ಮನೆಯವರೆಗೆ ಬಂದಿದ್ದರು. ಕಾಯಂ ಉಪನ್ಯಾಸಕರೊಬ್ಬರು, ಕಪಾಟು ಯಾವಾಗ ರೆಡಿಯಾಗ್ತದೆ ಎಂದು ಅಗತ್ಯಕ್ಕಿಂತ ಹೆಚ್ಚು ನಗುತ್ತಾ ಕೇಳಿದ್ದರು. ಆದರೆ ನನ್ನ ಕೋಣೆಯ ಎರಡನೆಯ ಕೀಲಿಕೈ ಇದ್ದದ್ದು ಸುಮತಿಯಮ್ಮನ ನಡುಕೋಣೆಯ ಮೊಳೆಯಲ್ಲಿ, ಕ್ಯಾಲೆಂಡರಿನ ಪಕ್ಕ. ಅದನ್ನು ಮುಟ್ಟಬಹುದಾದವರು ಇಬ್ಬರು. ಅವರು, ಮತ್ತು ಭಾನುವಾರವಲ್ಲದೆ ನಡುವೆಯೂ ಬಂದು ಹೋಗುವ ಅವರ ಅಕ್ಕನ ಮಗ ಪದ್ಮರಾಜ. ಅವನಿಗೆ ಪೇಟೆಯಲ್ಲಿ ಪೈಂಟಿನ ಅಂಗಡಿ. ಒಮ್ಮೆ ನನ್ನ ಕೈಯಲ್ಲಿದ್ದ ಗುಲಾಬಿ ಕಲ್ಲು ನೋಡಿ, "ಇದು ಹರಳಾ ಮೇಡಂ? ಉಂಗುರಕ್ಕೆ ಆಗ್ತದಾ?" ಎಂದು ಕೇಳಿದ್ದ. ಆ ಪ್ರಶ್ನೆಯನ್ನು ನಾನು ದಿನಾಂಕ ಸಹಿತ ನೋಟ್ ಪುಸ್ತಕದಲ್ಲಿ ಬರೆದಿಟ್ಟೆ.

ಸುಮತಿಯಮ್ಮನನ್ನು ನೇರವಾಗಿ ಕೇಳಿದೆ. "ಅಮ್ಮ, ನೀವು ಮೇಲೆ ಹೋಗಿದ್ದಿರಾ?"

ಅವರು ಬಸಳೆಯ ಚಪ್ಪರದ ಕಡೆ ನೋಡುತ್ತಾ, "ಮಂಡಿ ನೋವು ಮಾರಾಯ್ತಿ, ಈ ಮಳೆಗೆ ಇನ್ನೂ ಜಾಸ್ತಿ" ಎಂದರು. ಚಾತುರ್ಮಾಸ ಶುರುವಾಗಿದ್ದರಿಂದ ಆ ಬಸಳೆಯನ್ನು ಅವರು ಕೊಯ್ಯುತ್ತಿರಲಿಲ್ಲ. ಮಳೆಗಾಲದ ಆ ನಾಲ್ಕು ತಿಂಗಳು ಸೊಪ್ಪಿಲ್ಲ, ನಿಯಮಗಳು ಹೆಚ್ಚು. ಅವರು ಇಲ್ಲ ಎನ್ನಲಿಲ್ಲ ಎಂಬುದು ನನಗೆ ಹೊಳೆದದ್ದು ಬಹಳ ಆಮೇಲೆ. ಮೆಟ್ಟಿಲ ತಿರುವಿನ ದಾಸವಾಳದ ಕುಂಡದಲ್ಲಿ ಮಣ್ಣಿನ ಮೇಲೆ ಬಿಳಿಯ ತೆಳು ಪದರ ಕಂಡದ್ದೂ ಅದೇ ವಾರ. ಹೂವಿನ ಗಿಡಕ್ಕೆ ಸುಣ್ಣ ಹಾಕಿದ್ದಾರೆ ಎಂದುಕೊಂಡೆ. ಭೂವಿಜ್ಞಾನ ಓದಿದವಳು ಒಮ್ಮೆ ಬೆರಳಲ್ಲಿ ಉಜ್ಜಿ ನೋಡಬಹುದಿತ್ತು.

ಎರಡನೆಯ ಪಾಲಿಶೂ ಮಂಕಾಗಿಯೇ ಬಂತು. ಪ್ರಿನ್ಸಿಪಾಲರು ಒಂದು ಕಲ್ಲನ್ನು ತಿರುಗಿಸಿ ನೋಡಿ, "ಸ್ವಲ್ಪ ವಾರ್ನಿಶ್ ಹೊಡೆದರೆ ಆಗದಾ? ಗಾಜಿನ ಒಳಗೆ ಇಡುವುದಲ್ವಾ, ಯಾರು ಮುಟ್ಟಿ ನೋಡ್ತಾರೆ?" ಎಂದರು. ಆಗುವುದಿಲ್ಲ ಸರ್ ಎಂದೆ. ಕಲ್ಲಿನ ಹೊಳಪು ಕಲ್ಲಿನದೇ ಆಗಿರಬೇಕು. ಅವರು ನನ್ನನ್ನು ನೋಡಿದ ರೀತಿಯಲ್ಲಿ ಮುಂದಿನ ವರ್ಷ ಸ್ವಲ್ಪ ದೂರ ಸರಿದಂತೆ ಅನಿಸಿತು.

ಆ ಬುಧವಾರ ಕೋಣೆಗೆ ಹೊಸ ಬೀಗ ಹಾಕಿ ಮೂರನೆಯ ಸಲ ಮೆಷಿನು ಶುರುಮಾಡಿದೆ. ಬೀಗ ಹಾಕುತ್ತಿದ್ದಾಗ ಸುಮತಿಯಮ್ಮ ಕೆಳಗಿನಿಂದ ತಲೆಯೆತ್ತಿ ನೋಡಿದರು.

"ಬೀಗ ಹೊಸತಾ?"

"ಹಳೆಯದು ಸಿಕ್ಕಿಕೊಳ್ತಿತ್ತು."

"ಹೌದಾ" ಎಂದರು. ಕನ್ನಡದಲ್ಲಿ.

ಗುರುವಾರ, ಶುಕ್ರವಾರ, ಶನಿವಾರ ವೈಟ್ನರಿನ ಗೆರೆ ಕದಲಲಿಲ್ಲ. ಮಳೆಗೆ ಕರೆಂಟು ಎರಡು ಸಲ ಹೋಗಿ ಬಂದದ್ದು ಬಿಟ್ಟರೆ ಡಬ್ಬಿ ಎಡೆಬಿಡದೆ ಉರುಳಿತು. ನನಗೆ ಗೆದ್ದ ಸಮಾಧಾನ. ಕೆಳಗೆ ಸಂಜೆಯ ಹೊತ್ತಿನ ಒಲೆಯ ವಾಸನೆ ಬರುತ್ತಿರಲಿಲ್ಲ ಎಂಬುದು ಗಮನಕ್ಕೆ ಬಂದಿತ್ತು. ಉಪವಾಸವಿರಬೇಕು ಎಂದುಕೊಂಡೆ.

ಭಾನುವಾರ ಸಂಜೆ ಬಟ್ಟೆ ತೆಗೆಯಲು ಅಂಗಳಕ್ಕಿಳಿದಾಗ ಪದ್ಮರಾಜ ಜಗಲಿಯಲ್ಲಿ ನಿಂತಿದ್ದ.

"ಮೇಡಂ, ನಿಮ್ಮ ಮೆಷಿನು ಇನ್ನೂ ಎಷ್ಟು ದಿವಸ ಉಂಟು?"

"ಯಾಕೆ?"

"ಚಿಕ್ಕಮ್ಮ ಊಟ ಮಾಡ್ತಾ ಇಲ್ಲ. ಗುರುವಾರದಿಂದ ಬರೀ ನೀರು, ಒಂದು ಚೂರು ಬೆಲ್ಲ. ಕೇಳಿದರೆ ಮೇಲೆ ಮಾಡನ್ನು ತೋರಿಸ್ತಾರೆ."

ನನಗದು ನನ್ನನ್ನು ಓಡಿಸುವ ಉಪಾಯವಾಗಿ ಕೇಳಿಸಿತು. "ನನ್ನ ಕೋಣೆಗೆ ಯಾರು ಹೋಗಿ ಡಬ್ಬಿ ತೆರೆಯುತ್ತಿದ್ದರು ಎಂದು ನನಗೆ ಗೊತ್ತುಂಟು" ಎಂದೆ. ಗೊತ್ತಿರಲಿಲ್ಲ.

"ನಾನಾ? ನಿಮ್ಮ ಕಲ್ಲು ತೆಗೆದುಕೊಂಡು ಹೋಗಿ ಏನು ಮಾಡುವುದು ಮೇಡಂ, ಸಾಂಬಾರಿಗೆ ಹಾಕುವುದಾ?"

"ಪದ್ಮ" ಎಂದು ಒಳಗಿನಿಂದ ಸುಮತಿಯಮ್ಮ ಕರೆದರು. "ನೀನು ಮನೆಗೆ ಹೋಗು. ಇವಳ ಹತ್ತಿರ ನಾನು ಮಾತಾಡ್ತೇನೆ."

ಅವನು ಕೊಡೆ ಬಿಚ್ಚಿಕೊಂಡು ಹೋದ. ಅವರು ಜಗಲಿಗೆ ಬಂದು ಗೋಡೆ ಹಿಡಿದು ಕುಳಿತರು. ಕೆನ್ನೆ ಸ್ವಲ್ಪ ಒಳಗೆ ಹೋದಂತಿತ್ತು. ಮಹಡಿಯ ಮೇಲೆ ಡಬ್ಬಿ ಉರುಳುವ ಸದ್ದು ಅಲ್ಲಿ ನಾನೆಣಿಸಿದ್ದಕ್ಕಿಂತ ಜೋರಾಗಿ ಕೇಳುತ್ತಿತ್ತು.

"ನಿನ್ನ ಡಬ್ಬಿ ತೆರೆದದ್ದು ನಾನು" ಎಂದರು. ಶಾಲೆಯ ಕನ್ನಡ.

"ಯಾಕಮ್ಮ?"

"ನೀನು ನಲ್ಲಿಯಿಂದ ನೀರು ಹಿಡಿದು ಹಾಗೆಯೇ ಮುಚ್ಚಿ ಇಡುತ್ತಿ. ಗಾಳಿಸುವುದಿಲ್ಲ. ಏಳು ದಿವಸ ಅದೇ ನೀರು. ಅದರಲ್ಲಿ ಎಷ್ಟು ಜೀವ ಹುಟ್ಟುತ್ತದೆ ಎಂದು ಯಾರಿಗೆ ಗೊತ್ತು? ಹುಟ್ಟಿದ್ದನ್ನೆಲ್ಲ ಆ ಕಲ್ಲುಗಳು ಅರೆಯುತ್ತವೆ. ಬೇರೆ ತಿಂಗಳಾದರೆ ಕಿವಿ ಮುಚ್ಚಿಕೊಳ್ಳುತ್ತಿದ್ದೆ. ಚಾತುರ್ಮಾಸದಲ್ಲಿ ಆ ಸದ್ದು ಕೇಳಿಕೊಂಡು ಬಟ್ಟಲಿನ ಮುಂದೆ ಕೂರಲು ನನ್ನಿಂದ ಆಗುವುದಿಲ್ಲ. ಗಂಟಲಲ್ಲಿ ಇಳಿಯುವುದಿಲ್ಲ ಮಗಳೇ."

"ನಾನು ಆವತ್ತು ಕೇಳಿದೆನಲ್ಲ, ಮೇಲೆ ಹೋಗಿದ್ದಿರಾ ಎಂದು."

"ಮಂಡಿ ನೋವು ಎಂದೆ. ಮಂಡಿ ನೋವು ಇದ್ದದ್ದು ಹೌದು." ಅವರು ತಲೆ ತಗ್ಗಿಸಿದರು. ಆಮೇಲೆ, ಸ್ವಲ್ಪ ಹೆಮ್ಮೆಯಿಂದಲೇ, "ನೀರು ಸುಮ್ಮನೆ ಚೆಲ್ಲಿದ್ದಲ್ಲ. ಕುಂಡದ ಮಣ್ಣಿಗೆ ಮೆಲ್ಲ ಬಿಟ್ಟದ್ದು. ಕಲ್ಲುಗಳನ್ನೂ ಒಂದೊಂದಾಗಿ ಕೈಯಲ್ಲಿ ಉಜ್ಜಿ, ಗಾಳಿಸಿದ ನೀರು ತುಂಬಿಸಿಯೇ ಮುಚ್ಚಿದ್ದು. ಎಷ್ಟು ಕೆಸರಿತ್ತು ಗೊತ್ತುಂಟಾ ಅದರಲ್ಲಿ?"

"ಅದು ಕೆಸರಲ್ಲ ಅಮ್ಮ. ಅದೇ ಪಾಲಿಶು."

ಅವರು ನನ್ನ ಮುಖ ನೋಡಿದರು. "ಹಾಗೆ ನೀನು ಹೇಳಲೇ ಇಲ್ಲವಲ್ಲ."

ಹೇಳಿರಲಿಲ್ಲ. ನಾನು ಮಾತು ಬದಲಿಸಿ, ಕಲ್ಲುಗಳನ್ನು ಯಾವುದರಲ್ಲಿ ಉಜ್ಜಿದಿರಿ ಎಂದು ಕೇಳಿದೆ. ನಿನ್ನದೇ ಹಸಿರು ಬಕೆಟ್ಟಿನಲ್ಲಿ ಎಂದರು. ಒರಟು ಹುಡಿಯ ಕೆಸರನ್ನು ಮೋರಿಗೆ ಬಿಡಬಾರದು, ಅದು ಒಳಗೆ ಗಟ್ಟಿಯಾಗಿ ಕೊಳವೆ ಕಟ್ಟಿಹೋಗುತ್ತದೆ. ಅದಕ್ಕೆಂದೇ ಮೊದಲ ವಾರಗಳ ಕೆಸರನ್ನು ನಾನು ಆ ಬಕೆಟ್ಟಿನಲ್ಲಿ ತುಂಬಿಟ್ಟು, ಒಮ್ಮೆ ತೋಟದ ಮೂಲೆಗೆ ಸುರಿದು ಬಂದಿದ್ದೆ. ಬಕೆಟ್ಟಿನ ತಳವನ್ನು ತೊಳೆದಿರಲಿಲ್ಲ. ಹೊಳಪು ಬಾರದ್ದು ಅವರಿಂದ. ಗೀರುಗಳು ನನ್ನಿಂದ. ಇದನ್ನು ಅವರಿಗೆ ಆಗ ಹೇಳಲಿಲ್ಲ.

ತಂಡ ಬರಲು ಹತ್ತು ದಿನ ಉಳಿದಿತ್ತು. ಮೂರನೆಯ ಹುಡಿಗೆ ಇನ್ನು ಮೂರು ದಿನ, ಪಾಲಿಶಿಗೆ ಆರು, ತೊಳೆದು ಜೋಡಿಸಲು ಒಂದು. ಬೀಗ ಇದ್ದ ಹಾಗೆಯೇ ಇದ್ದರೆ ಕಲ್ಲು ಹೊಳೆಯುತ್ತದೆ ಎಂಬುದರಲ್ಲಿ ನನಗೆ ಅನುಮಾನವಿರಲಿಲ್ಲ. ಹಾಗೆಂದು ಅವರಿಗೂ ಹೇಳಿದೆ, ಕೆಲಸದ ವಿಷಯವನ್ನೂ ಸೇರಿಸಿ. ನನ್ನ ಬಗ್ಗೆ ಆ ಮನೆಯಲ್ಲಿ ನಾನು ಅಷ್ಟು ಹೇಳಿದ್ದು ಅದೇ ಮೊದಲು.

"ಹತ್ತು ದಿವಸ ಅಲ್ಲವಾ" ಎಂದರು. "ಆಗ್ತದೆ. ನೀನು ನಿಲ್ಲಿಸಬೇಡ."

ಇದು ನನ್ನನ್ನು ಬಗ್ಗಿಸುವ ಇನ್ನೊಂದು ಬಗೆಯೇ ಎಂದು ಯೋಚಿಸಿದೆ. ಇಂದಿಗೂ ನನಗದು ಖಚಿತವಿಲ್ಲ. ಹೊತ್ತು ಮುಳುಗಲು ಅರ್ಧ ಗಂಟೆಯಿತ್ತು. ನಾನು ಮೇಲೆ ಹೋಗಿ ಮೋಟಾರು ಆರಿಸಿ ಕಿಟಕಿಯ ಬಳಿ ನಿಂತೆ. ಮಳೆ ನಿಂತು ಹೊಳವಾಗಿತ್ತು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಕೆಳಗೆ ಒಲೆ ಹತ್ತಿದ ವಾಸನೆ, ಇನ್ನೂ ಸ್ವಲ್ಪ ಹೊತ್ತಿಗೆ ಬಟ್ಟಲು ನೆಲಕ್ಕೆ ತಾಗಿದ ಸದ್ದು. ನಿಜವಾಗಿಯೂ ಉಣ್ಣುತ್ತಾರೋ ಎಂದು ನಾನು ಪರೀಕ್ಷಿಸುತ್ತಾ ನಿಂತಿದ್ದೆ ಎಂಬುದನ್ನೂ ಬರೆಯಬೇಕು.

ಆ ಆಗಸ್ಟ್‌ನಲ್ಲಿ ಏನಾಯಿತೆಂದು ಇಲ್ಲೇ ಹೇಳಿಬಿಡುತ್ತೇನೆ. ಹಗಲು ಮಾತ್ರ ತಿರುಗಿದ ಕಲ್ಲುಗಳಿಗೆ ಬೇಕಿದ್ದ ಸಮಯ ಸಿಗಲಿಲ್ಲ. ಹೊಳಪು ಬಂತು, ಆದರೆ ಮುಸುಕಿನ ಹಿಂದಿನಿಂದ ಬಂದ ಹಾಗೆ, ಮುಕ್ಕಾಲು ಪಾಲು. ತಂಡದವರಲ್ಲಿ ಒಬ್ಬರು ಬಿಳಿಯ ಕಲ್ಲೊಂದನ್ನು ಬೆಳಕಿಗೆ ಓರೆಯಾಗಿ ಹಿಡಿದು ನೋಡಿ, ಇದ್ದಲ್ಲೇ ಇಟ್ಟರು. ಓರೆಯಾಗಿ ಹಿಡಿಯಲು ಗೊತ್ತಿದ್ದವರು ಎಂದು ನನಗೆ ಅರ್ಥವಾಯಿತು. ಮುಂದಿನ ವರ್ಷದ ಪಟ್ಟಿಯಲ್ಲಿ ನನ್ನ ಹೆಸರಿರಲಿಲ್ಲ. ಅದಕ್ಕೂ ಕಲ್ಲಿಗೂ ಸಂಬಂಧವಿಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ನಾನು ನಂಬಿಲ್ಲ.

ಆದರೆ ಆ ಭಾನುವಾರದ ಮರುದಿನ ಇದೆಲ್ಲ ಇನ್ನೂ ಆಗಿರಲಿಲ್ಲ. ಬೆಳಿಗ್ಗೆ ಆರೂವರೆಗೆ ನಾನು ಮೆಷಿನನ್ನು ಹಲಗೆ ಸಮೇತ ಎತ್ತಿಕೊಂಡು ಮೆಟ್ಟಿಲಿಳಿದು ಜಗಲಿಯ ಪ್ಲಗ್ಗಿನ ಹತ್ತಿರ ಇಟ್ಟೆ. ಮತ್ತೆ ಮೇಲೆ ಹೋಗಿ ಡಬ್ಬಿಯನ್ನೂ ನಾಲ್ಕು ಹುಡಿಯ ಪೊಟ್ಟಣಗಳನ್ನೂ ತಂದೆ. ಸುಮತಿಯಮ್ಮ ಕೈ ಒರೆಸಿಕೊಂಡು ಬಂದು ಕುಳಿತರು. ಅವರ ಅಂಗೈಯಲ್ಲಿ ಒಂದೊಂದು ಹುಡಿಯನ್ನೂ ಚಿಟಿಕೆಯಷ್ಟು ಹಾಕಿದೆ, ಒರಟಿನಿಂದ ನಯದ ಕಡೆಗೆ. ಅವರು ಬೆರಳಿನಲ್ಲಿ ಉಜ್ಜಿ ಹೇಳುತ್ತಾ ಹೋದರು. "ಇದು ದಪ್ಪ ರವೆ. ಇದು ಸಣ್ಣ ರವೆ. ಇದು ಅಕ್ಕಿ ಹಿಟ್ಟು." ನಾಲ್ಕನೆಯದಕ್ಕೆ ಅವರ ಬೆರಳು ನಿಂತಿತು. "ಇದನ್ನಾ ನಾನು ಕುಂಡಕ್ಕೆ ಹಾಕಿದ್ದು?"

"ಇದನ್ನೇ."

"ಅಯ್ಯೋ ದೇವರೇ" ಎಂದರು, ತುಳುವಿನಲ್ಲಿ.

ಹಸಿರು ಬಕೆಟ್ಟಿನ ವಿಷಯವನ್ನೂ ಆಗ ಹೇಳಿದೆ. ಗಾಳಿಸಿದ ನೀರನ್ನು ಕುದಿಸಿ ಆರಿಸಿದರೆ ಅದರಲ್ಲಿ ಎಷ್ಟು ಹೊತ್ತು ಜೀವ ಹುಟ್ಟುವುದಿಲ್ಲ ಎಂದು ಕೇಳಿದೆ. ಒಂದು ದಿವಸ ಎಂದರು. ಹಾಗಾದರೆ ಸಂಜೆ ನಿಲ್ಲಿಸುವುದು, ರಾತ್ರಿ ಹುಡಿ ತಳಕ್ಕೆ ಕೂರಲು ಬಿಡುವುದು, ಬೆಳಿಗ್ಗೆ ಮೇಲಿನ ನೀರನ್ನು ಮಾತ್ರ ಬಗ್ಗಿಸಿ ನಿಮ್ಮ ನೀರು ಹಾಕುವುದು, ಹೀಗೆ ಮಾಡುವ ಎಂದೆ. ಅವರು ಒಳಗೆ ಹೋಗಿ ತಾಮ್ರದ ಚೊಂಬಿನಲ್ಲಿ ಆರಿದ ನೀರು ತಂದರು. ನಾನೇ ಅಳೆದು ಹುಯ್ದೆ.

"ಸಂಜೆ ನಾನು ಬರುವುದು ತಡವಾದರೆ ಹೊತ್ತು ಮುಳುಗುವ ಮೊದಲು ನೀವು ನಿಲ್ಲಿಸಬೇಕು" ಎಂದು ಹೇಳಿ, ಮೋಟಾರಿನ ಹಿಂದೆ, ಹಲಗೆಯ ಮರೆಯಲ್ಲಿ ಸುಲಭವಾಗಿ ಕಾಣದ ಹಾಗೆ ಇದ್ದ ಸ್ವಿಚ್ಚನ್ನು ತೋರಿಸಿದೆ. ಡಬ್ಬಿ ತೆರೆಯುವಾಗೆಲ್ಲ ಅದನ್ನು ಆರಿಸಿದ್ದವರು ಈಗ ಬಗ್ಗಿ, ಮೊದಲ ಸಲ ನೋಡುವವರಂತೆ ನೋಡಿ, ತಲೆಯಾಡಿಸಿದರು. ನಾನು ಎಂಟೂಕಾಲಿನ ಬಸ್ಸಿಗೆ ಹೋದೆ.